ಸ್ಪ್ರೇಯರ್ ಬ್ಯಾಟರಿ ಮಳೆಗಾಲದಲ್ಲಿ ಇಟ್ಟಲ್ಲೇ ಯಾಕೆ ಸಾಯುತ್ತೆ?

ಪ್ರಶ್ನೆ: ನಮ್ದು ಹೊಸನಗರದ ಹತ್ರ ಅಡಿಕೆ ತೋಟ. ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಸ್ಪ್ರೇಯರ್ ಇದೆ, ಒಳಗಿರೋದು 12 ವೋಲ್ಟ್ 8 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಸೀಲ್ಡ್ ಬ್ಯಾಟರಿ. ಮೇ ತಿಂಗಳಲ್ಲಿ ಬಳಸಿ ಅಟ್ಟದ ಮೇಲೆ ಇಟ್ಟಿದ್ದು, ಮಳೆ ಬಿಟ್ಟಮೇಲೆ ಅಕ್ಟೋಬರಲ್ಲಿ ಇಳಿಸಿದ್ರೆ ಪಂಪ್ ತಿರುಗ್ತಿಲ್ಲ, ಚಾರ್ಜರ್ ಹಾಕಿದ ಎರಡೇ ನಿಮಿಷಕ್ಕೆ ಹಸಿರು ಲೈಟ್ ಬರುತ್ತೆ. ವೈಫೈಗೆ ಅಂತ ಇಟ್ಟ ಯುಪಿಎಸ್ಸಲ್ಲೂ (7 ಎಎಚ್) ಹೊಸದ್ರಲ್ಲಿ ಎರಡೂವರೆ ಗಂಟೆ ಬರ್ತಿತ್ತು, ಒಂದೂವರೆ ವರ್ಷಕ್ಕೆ ಹತ್ತು ನಿಮಿಷಕ್ಕೆ ಬಂದಿದೆ. ಅಂಗಡಿಲಿ ಮೇಂಟೆನೆನ್ಸ್ ಏನೂ ಬೇಡ ಅಂದಿದ್ರು. ಇವನ್ನ ಸರಿ ಮಾಡ್ಬಹುದಾ, ಇಲ್ಲ ಲಿಥಿಯಂ ಹಾಕ್ಸೋದೇ ಒಳ್ಳೇದಾ?

ಉತ್ತರ: ನಿಮ್ಮ ಎರಡೂ ಬ್ಯಾಟರಿ ಕೆಟ್ಟಿರೋದು ಒಂದೇ ಕಾರಣಕ್ಕೆ, ಅರೆಹೊಟ್ಟೆಲಿ, ಅಂದ್ರೆ ಪೂರ್ತಿ ಚಾರ್ಜ್ ಇಲ್ದೆ, ಬಿದ್ದಿದ್ದಕ್ಕೆ. ಸ್ಪ್ರೇಯರ್‌ದು ಐದು ತಿಂಗಳು ಒಂದೇ ಸಮ ಹಾಗೆ ಬಿದ್ದಿತ್ತು, ಯುಪಿಎಸ್‌ದು ಮಳೆಗಾಲದಲ್ಲಿ ದಿನಾ ಅರ್ಧಂಬರ್ಧ ತುಂಬ್ತಾ ಪೂರ್ತಿ ಖಾಲಿ ಆಗ್ತಾ ಇತ್ತು. ಬಿಸಿಲುಸೀಮೆಲಿ ಈ ಬ್ಯಾಟರಿನ ಸೆಖೆ ಸಾಯಿಸುತ್ತೆ, ನಮ್ಮ ಮಲೆನಾಡಲ್ಲಿ ನಾನು ರಿಪೇರಿ ಟೇಬಲ್ ಮೇಲೆ ನೋಡೋದು ಹೆಚ್ಚು ಈ ಥರದ್ದೇ. ತಡೆಯೋದು ಕಷ್ಟ ಇಲ್ಲ, ಆದ್ರೆ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಮಾತ್ರ ಯಾಕೆ ಹಾಗೆ ಮಾಡ್ಬೇಕು ಅನ್ನೋದು ತಲೇಲಿ ಕೂರುತ್ತೆ, ಅದಕ್ಕೇ ಅಲ್ಲಿಂದ ಶುರು ಮಾಡ್ತೀನಿ.

ನಿಮ್ಮವು ಎರಡೂ ಲೆಡ್ ಆಸಿಡ್ ಬ್ಯಾಟರಿ, ಲೆಡ್ ಅಂದ್ರೆ ಸೀಸ. 12 ವೋಲ್ಟ್ ಡಬ್ಬಿ ಒಳಗೆ ಆರು ಸೆಲ್ ಇರುತ್ತೆ, ಒಂದೊಂದೂ ಸುಮಾರು 2.1 ವೋಲ್ಟ್, ಆರೂ ಸಾಲಾಗಿ ಸೇರಿಸಿರ್ತಾರೆ. ಪ್ರತಿ ಸೆಲ್ಲಲ್ಲಿ ಪಾಸಿಟಿವ್ ಪ್ಲೇಟು ಕಂದು ಬಣ್ಣದ ಲೆಡ್ ಡಯಾಕ್ಸೈಡು, ನೆಗೆಟಿವ್ ಪ್ಲೇಟು ಸ್ಪಂಜಿನ ಹಾಗೆ ತೂತುತೂತಾಗಿರೋ ಸೀಸ, ನಡುವೆ ಸಲ್ಫ್ಯೂರಿಕ್ ಆಸಿಡ್. ನೀವು ಪಂಪ್ ಆನ್ ಮಾಡಿದಾಗ ಆಸಿಡ್ಡಲ್ಲಿರೋ ಸಲ್ಫೇಟು ಎರಡೂ ಪ್ಲೇಟಿಗೆ ಹೋಗಿ ಅಂಟ್ಕೊಂಡು ಲೆಡ್ ಸಲ್ಫೇಟ್ ಆಗುತ್ತೆ, ಜೊತೆಗೆ ನೀರು ಹುಟ್ಟುತ್ತೆ. ಅಂದ್ರೆ ಬ್ಯಾಟರಿ ಖಾಲಿ ಆಗ್ತಾ ಆಗ್ತಾ ಆಸಿಡ್ ತೆಳ್ಳಗಾಗ್ತಾ ಬಂದು ಕೊನೆಗೆ ಹೆಚ್ಚುಕಡಿಮೆ ನೀರೇ ಉಳಿಯುತ್ತೆ. ಚಾರ್ಜ್ ಮಾಡಿದಾಗ ಇದೆಲ್ಲ ಉಲ್ಟಾ, ಪ್ಲೇಟಲ್ಲಿರೋ ಸಲ್ಫೇಟ್ ವಾಪಸ್ ಆಸಿಡ್ಡಿಗೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿ ತೋರಿಸಿದ್ದು ಇದನ್ನೇ, ಒಳಗಿನ ಕೆಮಿಸ್ಟ್ರಿ ಇವತ್ತಿಗೂ ಬದಲಾಗಿಲ್ಲ.

ಹಾಗಾದ್ರೆ ಸೀಲ್ಡ್ ಮಾಡಿದ್ದು ಹೇಗೆ? ಮನೆ ಇನ್ವರ್ಟರಿನ ದೊಡ್ಡ ಟ್ಯುಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕ್ತಾ ಇರ್ಬೇಕಲ್ಲ, ಯಾಕಂದ್ರೆ ಚಾರ್ಜ್ ತುಂಬ್ತಾ ಬಂದಾಗ ನೀರು ಒಡೆದು ಆಕ್ಸಿಜನ್ನು ಹೈಡ್ರೋಜನ್ನು ಆಗಿ ಗಾಳಿಗೆ ಹೋಗುತ್ತೆ. ಸೀಲ್ಡ್ ಬ್ಯಾಟರಿಲಿ ಆಸಿಡ್ ಕುಲುಕಾಡೋ ಹಾಗೆ ಇರಲ್ಲ, ಪ್ಲೇಟುಗಳ ಮಧ್ಯೆ ಗಾಜಿನ ನಾರಿನ ಹಾಳೆ ಇಟ್ಟು ಅದರಲ್ಲಿ ಇಂಗಿಸಿರ್ತಾರೆ, ಇನ್ನು ಕೆಲವದ್ರಲ್ಲಿ ಜೆಲ್ ಮಾಡಿರ್ತಾರೆ. ಆ ಹಾಳೇಲಿ ಬೇಕಂತಲೇ ಸ್ವಲ್ಪ ಜಾಗ ಖಾಲಿ ಬಿಟ್ಟಿರ್ತಾರೆ, ಪಾಸಿಟಿವ್ ಪ್ಲೇಟಲ್ಲಿ ಹುಟ್ಟಿದ ಆಕ್ಸಿಜನ್ ಆ ಖಾಲಿ ಜಾಗದಲ್ಲಿ ನುಗ್ಗಿ ನೆಗೆಟಿವ್ ಪ್ಲೇಟಿಗೆ ತಲುಪಿ ಅಲ್ಲಿ ಮತ್ತೆ ನೀರಾಗುತ್ತೆ. ಸರಿಯಾದ ವೋಲ್ಟೇಜಲ್ಲಿ ಚಾರ್ಜ್ ಮಾಡಿದ್ರೆ ಹುಟ್ಟಿದ ಆಕ್ಸಿಜನ್ನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೀಗೆ ವಾಪಸ್ ನೀರಾಗುತ್ತೆ, ನನಗೆ ಈ ಡಿಸೈನ್ ಇವತ್ತಿಗೂ ತುಂಬ ಇಷ್ಟ, ಅಷ್ಟು ಸರಳವಾಗಿ ಅಷ್ಟು ದೊಡ್ಡ ತೊಂದ್ರೆ ಬಗೆಹರಿಸಿದ್ದಾರೆ. ಮೇಲಿನ ಪಟ್ಟಿ ಕೆಳಗೆ ಒಂದೊಂದು ಸೆಲ್ಲಿಗೂ ಒಂದು ರಬ್ಬರ್ ಕ್ಯಾಪ್ ಇರುತ್ತೆ, ಅದೇ ವಾಲ್ವ್, ಒಳಗೆ ಒತ್ತಡ ಹೆಚ್ಚಾದ್ರೆ ಗ್ಯಾಸ್ ಹೊರಗೆ ಬಿಟ್ಟು ಮತ್ತೆ ಮುಚ್ಕೊಳ್ಳುತ್ತೆ.

ಅಂಗಡಿಯವ್ರು ಹೇಳಿದ್ದು ನೀರು ಹಾಕೋ ಕೆಲಸ ಇಲ್ಲ ಅನ್ನೋ ಮಟ್ಟಿಗೆ ಸರಿ. ಆದ್ರೆ ಒಮ್ಮೆ ಓವರ್‌ಚಾರ್ಜ್ ಆಗಿ ವಾಲ್ವ್ ಮೂಲಕ ನೀರು ಹೋಯ್ತು ಅಂದ್ರೆ ವಾಪಸ್ ಹಾಕೋಕೆ ಸರಿಯಾದ ದಾರಿ ಇಲ್ಲ, ಹಾಗಾಗಿ ಚಾರ್ಜಿಂಗ್ ವಿಷಯದಲ್ಲಿ ಸೀಲ್ಡ್ ಬ್ಯಾಟರಿ ನೀರಿನ ಬ್ಯಾಟರಿಗಿಂತ ಸೂಕ್ಷ್ಮ.

ಈಗ ನಿಮ್ಮ ಸ್ಪ್ರೇಯರ್. ಮೇ ತಿಂಗಳಿಂದ ಅಕ್ಟೋಬರ್ ಅಂದ್ರೆ ಐದು ತಿಂಗಳು. ಸುಮ್ನೆ ಇಟ್ಟ ಸೀಲ್ಡ್ ಬ್ಯಾಟರಿ 25 ಡಿಗ್ರಿ ಆಸುಪಾಸಲ್ಲಿ ತಿಂಗಳಿಗೆ ನೂರಕ್ಕೆ 3ರಷ್ಟು ತಾನಾಗೇ ಇಳಿಯುತ್ತೆ, ಐದು ತಿಂಗಳಿಗೆ 15 ಅಷ್ಟೇ. ಅಂದ್ರೆ ತುಂಬಿಸಿ ಇಟ್ಟಿದ್ರೆ ಅಕ್ಟೋಬರಲ್ಲೂ ನೂರಕ್ಕೆ 85ರ ಹತ್ರ ಇರ್ಬೇಕಿತ್ತು. ನೀವು 'ಬಳಸಿ ಇಟ್ಟಿದ್ದು' ಅಂತ ಬರ್ದಿದೀರ, ಚಾರ್ಜ್ ಮಾಡಿ ಇಟ್ಟಿದ್ದು ಅಂತ ಬರ್ದಿಲ್ಲ, ಕಾರಣ ಅಲ್ಲೇ ಇದೆ ಅನ್ಸುತ್ತೆ. ಜೊತೆಗೆ ಇನ್ನೊಂದನ್ನೂ ನೋಡಿ, ಕೆಲವು ಸ್ಪ್ರೇಯರಲ್ಲಿ ವೋಲ್ಟೇಜ್ ತೋರಿಸೋ ಸಣ್ಣ ಮೀಟರ್ ಇರುತ್ತೆ, ಅದರ ವೈರಿಂಗ್ ಸ್ವಿಚ್ಚಿಗಿಂತ ಮುಂಚೆ ಇದ್ರೆ ಸ್ವಿಚ್ ಆಫ್ ಇದ್ರೂ ಅದು ಎಳೀತಾನೇ ಇರುತ್ತೆ. ಬರೀ 10 ಮಿಲಿಆಂಪಿಯರ್ ಎಳೆದ್ರೂ 30 ದಿನಕ್ಕೆ 7.2 ಎಎಚ್ ಆಯ್ತು, ನಿಮ್ಮ ಬ್ಯಾಟರಿ ಇರೋದೇ 8. ಒಂದೇ ತಿಂಗಳಲ್ಲಿ ಖಾಲಿ, ಉಳಿದ ನಾಕು ತಿಂಗಳು ಖಾಲಿ ಹೊಟ್ಟೆಲೇ ಬಿದ್ದಿರುತ್ತೆ.

ಖಾಲಿ ಬಿದ್ದಿದ್ರೆ ಏನಾಗುತ್ತೆ ಅಂದ್ರೆ, ಪ್ಲೇಟಿನ ಮೇಲೆ ಕೂತ ಲೆಡ್ ಸಲ್ಫೇಟ್ ಹೊಸದ್ರಲ್ಲಿ ತುಂಬ ಸಣ್ಣ ಸಣ್ಣ ಹರಳಾಗಿರುತ್ತೆ, ಅವತ್ತೇ ಚಾರ್ಜ್ ಹಾಕಿದ್ರೆ ಸುಲಭಕ್ಕೆ ಕರಗಿ ವಾಪಸ್ ಹೋಗುತ್ತೆ. ದಿನ ಕಳೆದ ಹಾಗೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳಿಗೆ ಸೇರ್ಕೊಂಡು ಗಟ್ಟಿಯಾಗ್ತಾ ಹೋಗುತ್ತೆ, ಆಮೇಲೆ ಅವು ಕರೆಂಟಿಗೆ ಜಗ್ಗಲ್ಲ. ಲೆಡ್ ಸಲ್ಫೇಟ್ ವಿದ್ಯುತ್ ಹರಿಯೋ ವಸ್ತು ಅಲ್ಲ, ಅದು ಪ್ಲೇಟಿನ ತೂತುಗಳನ್ನೆಲ್ಲ ಮುಚ್ಚಿಬಿಡುತ್ತೆ. ಇದಕ್ಕೇ ಸಲ್ಫೇಷನ್ ಅನ್ನೋದು. ನಿಮ್ಮ ಚಾರ್ಜರಿನ ಹಸಿರು ಲೈಟಿಗೆ ಅರ್ಥ ಇದೇ: ಆ ಲೈಟು ಬ್ಯಾಟರಿ ತುಂಬಿದ್ಯಾ ಅಂತ ನೋಡಲ್ಲ ಮಾರಾಯ್ರೆ, ಹರೀತಿರೋ ಕರೆಂಟ್ ಕಮ್ಮಿ ಆಯ್ತಾ ಅಂತ ಮಾತ್ರ ನೋಡುತ್ತೆ, ತುಂಬಿದ ಬ್ಯಾಟರಿನೂ ಕರೆಂಟ್ ತಗೊಳ್ಳಲ್ಲ, ಸಲ್ಫೇಟ್ ಕಟ್ಟಿದ್ದೂ ತಗೊಳ್ಳಲ್ಲ, ಚಾರ್ಜರಿಗೆ ಎರಡೂ ಒಂದೇ.

ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ರಾ? ಮಳೆಗಾಲದಲ್ಲಿ ಥಂಡಿ ಹಿಡಿಯದ ಹಾಗೆ ಎಲ್ಲಾನೂ ಅಲ್ಲೇ ಇಡೋದು ನಮ್ಮ ಕಡೆ ರೂಢಿ, ಸ್ಪ್ರೇಯರ್ ಟ್ಯಾಂಕಿಗೆ ಅದು ಸರಿ, ಬ್ಯಾಟರಿಗೆ ಅಲ್ಲ. ಪ್ರತಿ 10 ಡಿಗ್ರಿ ಸೆಖೆ ಹೆಚ್ಚಾದ್ರೆ ತಾನಾಗೇ ಇಳಿಯೋ ವೇಗ ಹತ್ರಹತ್ರ ಎರಡು ಪಟ್ಟಾಗುತ್ತೆ, ಆಯುಸ್ಸು ಅರ್ಧಕ್ಕೆ ಬರುತ್ತೆ. ಬ್ಯಾಟರಿಗೆ ತಣ್ಣಗಿನ ಮೂಲೆನೇ ಒಳ್ಳೇದು. ಸಿಮೆಂಟ್ ನೆಲದ ಮೇಲಿಟ್ರೆ ಚಾರ್ಜ್ ಇಳಿದುಹೋಗುತ್ತೆ ಅಂತ ತುಂಬ ಜನ ಹೇಳ್ತಾರೆ, ಈಗಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಗೇನೂ ಆಗಲ್ಲ, ತೇವ ಧೂಳು ಟರ್ಮಿನಲ್ಲುಗಳ ಮಧ್ಯೆ ಕೂರದ ಹಾಗೆ ಒಣ ಬಟ್ಟೇಲಿ ಒರೆಸಿದ್ರೆ ಸಾಕು, ಟರ್ಮಿನಲ್ಲಿಗೆ ಸ್ವಲ್ಪ ವ್ಯಾಸಲೀನ್ ಸವರಿ. ನಮ್ಮ ಥಂಡಿಗೆ ಆ ಟರ್ಮಿನಲ್ಲು ಹಸಿರುಗಟ್ಟೋದು ಜಾಸ್ತಿ, ಎಷ್ಟೋ ಸಲ ಬ್ಯಾಟರಿ ಹೋಯ್ತು ಅಂತ ತಂದಿರ್ತಾರೆ, ನೋಡಿದ್ರೆ ಕ್ಲಿಪ್ ಮಾತ್ರ ಹಾಳಾಗಿರುತ್ತೆ.

ಯುಪಿಎಸ್ ಕಥೆ ಸ್ವಲ್ಪ ಬೇರೆ. ಬ್ಯಾಟರಿ ಮೇಲೆ 7 ಎಎಚ್ ಅಂತ ಬರೆದಿರೋದು 20 ಗಂಟೆ ಲೆಕ್ಕ, ಅಂದ್ರೆ 0.35 ಆಂಪಿಯರ್ ಹಾಗೆ ನಿಧಾನಕ್ಕೆ ಎಳೆದ್ರೆ 20 ಗಂಟೆ ಬರುತ್ತೆ ಅಂತ. ಅದನ್ನೇ ಒಂದೇ ಗಂಟೇಲಿ ಖಾಲಿ ಮಾಡ್ತೀನಿ ಅಂದ್ರೆ 7 ಸಿಗಲ್ಲ, 4 ಚಿಲ್ಲರೆ ಸಿಗುತ್ತೆ ಅಷ್ಟೇ, ಜೋರಾಗಿ ಎಳೆದ ಹಾಗೆ ಆಸಿಡ್ಡು ಪ್ಲೇಟಿನ ಒಳಗೆ ಇಳಿಯೋಕೆ ಪುರುಸೊತ್ತು ಸಿಗಲ್ಲ. ನಿಮ್ಮದು ರೂಟರ್ ಮಾತ್ರ, ಅದರ ಜೊತೆ ಯುಪಿಎಸ್ ತಾನೇ ತಿನ್ನೋದೂ ಸೇರಿ 20-25 ವ್ಯಾಟ್ ಅಂತಿಟ್ಕೊಂಡ್ರೆ ಎರಡೂವರೆ ಗಂಟೆ ಬಂದಿದ್ದು ಸರಿಯಾಗೇ ಇದೆ. ಆದ್ರೆ ಈ ಸಣ್ಣ ಯುಪಿಎಸ್‌ಗಳನ್ನ ಮಾಡಿರೋದು ಕಂಪ್ಯೂಟರ್ ಸೇವ್ ಮಾಡಿ ಆಫ್ ಮಾಡೋಕೆ ಹತ್ತು ಹದಿನೈದು ನಿಮಿಷ ಸಿಗ್ಲಿ ಅಂತ, ಹಾಗಾಗಿ ಬ್ಯಾಟರಿ 10.5 ವೋಲ್ಟಿನ ಹತ್ರ ಇಳಿದ ಮೇಲೇ ಕಟ್ ಆಗೋ ಥರ ಇಟ್ಟಿರ್ತಾರೆ. ಜೋರು ಲೋಡಲ್ಲಿ 10.5ಕ್ಕೆ ಬಂದ ಬ್ಯಾಟರಿ ಒಳಗೆ ಇನ್ನೂ ಜೀವ ಉಳಿದಿರುತ್ತೆ. ಗಂಟೆಗಟ್ಲೆ ನಿಧಾನಕ್ಕೆ ಎಳೆದು 10.5ಕ್ಕೆ ಬಂತು ಅಂದ್ರೆ ಒಳಗೆ ಏನೂ ಉಳಿದಿರಲ್ಲ. ಪ್ರತಿ ಪವರ್ ಕಟ್ಟಲ್ಲೂ ನೀವು ಅದನ್ನ ತಳದ ತನಕ ಖಾಲಿ ಮಾಡಿಸ್ತಿದ್ರಿ, ಪೂರ್ತಿ ಖಾಲಿ ಮಾಡಿ ತುಂಬೋ ಲೆಕ್ಕದಲ್ಲಿ ಇಂಥ ಬ್ಯಾಟರಿಗೆ ಇರೋದು 200-250 ಸಲದ ಆಯುಸ್ಸು. ಅರ್ಧಕ್ಕೇ ನಿಲ್ಸಿದ್ರೆ ಅದರ ಎರಡು ಪಟ್ಟು.

ಅದಕ್ಕಿಂತ ದೊಡ್ಡ ಏಟು ವಾಪಸ್ ತುಂಬೋದ್ರಲ್ಲಿ ಬೀಳುತ್ತೆ. ಸಣ್ಣ ಯುಪಿಎಸ್ ಒಳಗಿನ ಚಾರ್ಜರ್ ಚಿಕ್ಕದು, 13.6-13.8 ವೋಲ್ಟಲ್ಲಿ ನಿಧಾನಕ್ಕೆ ತುಂಬುತ್ತೆ, ಖಾಲಿ ಬ್ಯಾಟರಿ ತುಂಬೋಕೆ ಎಂಟು ಹತ್ತು ಗಂಟೆ ಬೇಕು. ಲೆಡ್ ಆಸಿಡ್ ಬ್ಯಾಟರಿ ಸ್ವಭಾವನೇ ಹಾಗೆ, ಮೊದಲಿನ ಮುಕ್ಕಾಲು ಭಾಗ ಬೇಗ ಬೇಗ ತಗೊಳ್ಳುತ್ತೆ, ಕೊನೇ ಕಾಲು ಭಾಗಕ್ಕೆ ಮೊದಲಿನ ಅಷ್ಟೂ ಹೊತ್ತು ತಗೊಳ್ಳುತ್ತೆ. ಆಷಾಢದ ಜಡಿಮಳೇಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಬರೋದು ಯಾವಾಗ್ಲೋ, ಬಂದಿದ್ದೂ ಮೂರು ಗಂಟೆ ಇದ್ದು ಮತ್ತೆ ಹೋಗುತ್ತೆ. ಅಷ್ಟರಲ್ಲಿ ಬ್ಯಾಟರಿ ಅರ್ಧ ತುಂಬಿರುತ್ತೆ, ಮತ್ತೆ ತಳದ ತನಕ ಖಾಲಿ. ಹೀಗೆ ವಾರಗಟ್ಲೆ ನಡೆದ್ರೆ ಆ ಕೊನೇ ಕಾಲು ಭಾಗದ ಸಲ್ಫೇಟು ಒಂದು ದಿನನೂ ಪೂರ್ತಿ ವಾಪಸ್ ಹೋಗಿರಲ್ಲ, ಅಲ್ಲೇ ಗಟ್ಟಿಯಾಗುತ್ತೆ. ಕೆಪ್ಯಾಸಿಟಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಬರುತ್ತೆ, ನಮಗೆ ಗೊತ್ತಾಗೋದು ಒಂದಿನ ಹತ್ತು ನಿಮಿಷಕ್ಕೆ ರೂಟರ್ ಆಫ್ ಆದಾಗ. ಥಂಡಿಲಿ ಇನ್ನೂ ಒಂದು ಸಣ್ಣ ತೊಂದ್ರೆ ಇದೆ, ಚಾರ್ಜಿಂಗ್ ವೋಲ್ಟೇಜ್ ಲೆಕ್ಕ ಎಲ್ಲ 25 ಡಿಗ್ರಿಗೆ, ಅದಕ್ಕಿಂತ ತಣ್ಣಗಾದ್ರೆ ಒಂದೊಂದು ಡಿಗ್ರಿಗೂ 12 ವೋಲ್ಟ್ ಬ್ಯಾಟರಿಗೆ ಸುಮಾರು 0.02 ವೋಲ್ಟ್ ಹೆಚ್ಚು ಕೊಡ್ಬೇಕು, ಅಗ್ಗದ ಚಾರ್ಜರ್ ಯಾವುದೂ ಆ ಲೆಕ್ಕ ಮಾಡಲ್ಲ. ಸೋಲಾರ್ ಬೇಲಿ ಇಟ್ಟಿರೋರಿಗೂ ಇದೇ ಪಾಡು, ಮೋಡ ಕವಿದ ಎರಡು ತಿಂಗಳು ಪ್ಯಾನೆಲ್ಲಿಂದ ಬರೋದು ಬೇಲಿಗೇ ಸಾಲಲ್ಲ, ಬ್ಯಾಟರಿ ತುಂಬೋ ಮಾತು ದೂರ. ಅವ್ರು ಜೂನ್ ಜುಲೈ ಆಗಸ್ಟಲ್ಲಿ ಹದಿನೈದು ದಿನಕ್ಕೊಮ್ಮೆ ಆದ್ರೂ ಮನೆಗೆ ತಂದು ಕರೆಂಟ್ ಚಾರ್ಜರಲ್ಲಿ ಪೂರ್ತಿ ತುಂಬಿಸ್ಬೇಕು, ಬೇಲಿ ಸತ್ತು ಆನೆ ಹಂದಿ ಗದ್ದೆಗೆ ಇಳಿದ ಮೇಲೆ ಬ್ಯಾಟರಿ ರೇಟ್ ಯಾವ ಲೆಕ್ಕ ಹೇಳಿ.

ಸೆಖೆದೂ ಹೇಳ್ಬಿಡ್ತೀನಿ, ಶಿವಮೊಗ್ಗ ಭದ್ರಾವತಿ ಕಡೆ ಓದ್ತಿರೋರಿಗೆ. ಬೇಸಿಗೇಲಿ ಮುಚ್ಚಿದ ಕಪಾಟಲ್ಲಿ ಯುಪಿಎಸ್ ಇಟ್ರೆ ಒಳಗೆ 45 ಡಿಗ್ರಿ ದಾಟೋದೇನು ದೊಡ್ಡದಲ್ಲ, ಆಗ ಅದೇ 13.8 ವೋಲ್ಟ್ ಅದಕ್ಕೆ ಹೆಚ್ಚಾಗುತ್ತೆ, ನೀರು ಆರಿಹೋಗುತ್ತೆ, ಪಾಸಿಟಿವ್ ಪ್ಲೇಟಿನ ಒಳಗಿನ ಸೀಸದ ಜಾಲರಿ ಸವೆದು ಉಬ್ಬುತ್ತೆ. ಬಿಸಿ ಆದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತೆ, ಕರೆಂಟ್ ಜಾಸ್ತಿ ಆದಷ್ಟೂ ಬಿಸಿ, ಕೊನೆಗೆ ಡಬ್ಬಿ ಹೊಟ್ಟೆ ಉಬ್ಬಿಸ್ಕೊಂಡು ಯುಪಿಎಸ್ಸಿಂದ ಹೊರಗೇ ಬರಲ್ಲ. ಉಬ್ಬಿದ್ದು ಕಂಡ್ರೆ ಅದನ್ನ ಮತ್ತೆ ಚಾರ್ಜಿಗೆ ಹಾಕ್ಬೇಡಿ, ಅಷ್ಟೇ.

ಸರಿ ಮಾಡ್ಬಹುದಾ ಅಂತ ಕೇಳಿದ್ರಿ. ಸ್ಪ್ರೇಯರ್‌ದಕ್ಕೆ ಒಂದು ಪ್ರಯತ್ನ ಮಾಡ್ಬಹುದು, ಪೂರ್ತಿ ವಾಪಸ್ ಬರುತ್ತೆ ಅಂತ ಆಸೆ ಇಟ್ಕೋಬೇಡಿ. ಮೊದಲು ಮಲ್ಟಿಮೀಟರಲ್ಲಿ ವೋಲ್ಟೇಜ್ ನೋಡಿ. ವೋಲ್ಟೇಜ್ ಕರೆಂಟ್ ಎರಡೂ ಸೆಟ್ ಮಾಡೋಕೆ ಬರೋ ಪವರ್ ಸಪ್ಲೈ ಇರೋ ರಿಪೇರಿಯವ್ರ ಹತ್ರ ತಗೊಂಡು ಹೋಗಿ, 14.4 ವೋಲ್ಟ್ ಇಟ್ಟು, 0.8 ಆಂಪಿಯರಿಗಿಂತ ಹೆಚ್ಚು ಹೋಗದ ಹಾಗೆ ಲಿಮಿಟ್ ಇಟ್ಟು ಒಂದು ದಿನ ಬಿಡ್ಲಿ. ಶುರುಲಿ ಕೆಲವೇ ಮಿಲಿಆಂಪಿಯರ್ ಹೋಗುತ್ತೆ, ಒಳಗಿರೋದು ನೀರಲ್ವಾ. ಗಂಟೆಗಳು ಕಳೆದ ಹಾಗೆ ಕರೆಂಟ್ ಏರ್ತಾ ಬಂದ್ರೆ ಸ್ವಲ್ಪ ಜೀವ ಇದೆ ಅಂತ ಅರ್ಥ, ಏರಿ ಆಮೇಲೆ ಮತ್ತೆ ಇಳಿದ್ರೆ ತುಂಬಿದೆ. ಮಧ್ಯೆ ಮಧ್ಯೆ ಡಬ್ಬಿ ಮುಟ್ಟಿ ನೋಡ್ತಿರ್ಬೇಕು, ಬಿಸಿ ಆದ್ರೆ ತಕ್ಷಣ ತೆಗೀಬೇಕು. ರಾತ್ರಿ ಹಾಕಿ ಮಲಗೋ ಕೆಲಸ ಬೇಡ, ಗಾಳಿ ಆಡದ ಡಬ್ಬಿ ಒಳಗೆ ಇಟ್ಟು ಚಾರ್ಜ್ ಮಾಡೋದೂ ಬೇಡ, ವಾಲ್ವ್ ತೆರೆದ್ರೆ ಹೊರಗೆ ಬರೋದು ಹೈಡ್ರೋಜನ್. ತುಂಬ ದಿನ ಖಾಲಿ ಬಿದ್ದಿದ್ದರಲ್ಲಿ ಇನ್ನೊಂದು ಅಪಾಯ ಇದೆ, ಆ ನೀರಿನಂಥ ಆಸಿಡ್ಡಲ್ಲಿ ಕರಗಿದ ಸೀಸ ಚಾರ್ಜ್ ಮಾಡೋವಾಗ ಕೂದಲಿನಷ್ಟು ಸಣ್ಣ ಎಳೆ ಆಗಿ ಬೆಳೆದು ಗಾಜಿನ ಹಾಳೆ ದಾಟಿ ಎರಡು ಪ್ಲೇಟನ್ನೂ ಮುಟ್ಟಿಸಿಬಿಡುತ್ತೆ, ಆ ಸೆಲ್ ಶಾರ್ಟ್. ತುಂಬ್ಸಿ ಒಂದು ರಾತ್ರಿ ಬಿಟ್ಟ ಮೇಲೂ 10.6 ಆಸುಪಾಸಲ್ಲೇ ನಿಂತಿದ್ರೆ ಒಂದು ಸೆಲ್ ಹೋಗಿದೆ ಅಂತ ತಿಳ್ಕೊಳ್ಳಿ, ಅದಕ್ಕೆ ಮದ್ದಿಲ್ಲ. ಮೇಲಿನ ಪಟ್ಟಿ ಕಿತ್ತು ಸಿರಿಂಜಲ್ಲಿ ನೀರು ಹಾಕೋ ವೀಡಿಯೊಗಳು ತುಂಬ ಇವೆ. ನೀರಾರಿದ ಬ್ಯಾಟರಿಗೆ ಅದರಿಂದ ಕೆಲವು ದಿನ ಜೀವ ಬರಬಹುದು, ಆದ್ರೆ ನಿಮ್ಮದ್ರ ಕಾಯಿಲೆ ನೀರಾರಿದ್ದಲ್ಲ, ಸಲ್ಫೇಷನ್ನು, ಅದಕ್ಕೆ ನೀರು ಹಾಕಿ ಪ್ರಯೋಜನ ಇಲ್ಲ, ಆಸಿಡ್ಡಂತೂ ಹಾಕಲೇಬೇಡಿ.

ಎದ್ದಿದೆಯಾ ಇಲ್ವಾ ಅಂತ ತಿಳಿಯೋಕೆ ವೋಲ್ಟೇಜ್ ಒಂದೇ ನಂಬ್ಬೇಡಿ. ಚಾರ್ಜ್ ತೆಗೆದು ಒಂದು ರಾತ್ರಿ ಬಿಟ್ಟಮೇಲೆ 12.7ರ ಮೇಲಿದ್ರೆ ತುಂಬಿದೆ, 12.2-12.3 ಅಂದ್ರೆ ಅರ್ಧ, 11.8 ಅಂದ್ರೆ ಖಾಲಿ, ಆದ್ರೆ ಇದು ಎಷ್ಟು ಭಾಗ ತುಂಬಿದೆ ಅಂತ ಹೇಳುತ್ತೇ ಹೊರತು ಪಾತ್ರೆ ಎಷ್ಟು ದೊಡ್ಡದು ಉಳಿದಿದೆ ಅಂತ ಹೇಳಲ್ಲ. ಬೈಕಿನ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದು ತಗೊಂಡು ಹಚ್ಚಿ, ಹತ್ರ ಹತ್ರ 3 ಆಂಪಿಯರ್ ಎಳೆಯುತ್ತೆ, ಒಳ್ಳೇ 8 ಎಎಚ್ ಬ್ಯಾಟರಿ 10.5ಕ್ಕೆ ಇಳಿಯೋಕೆ ಒಂದೂವರೆ ಗಂಟೆಗಿಂತ ಹೆಚ್ಚು ತಗೊಳ್ಬೇಕು. ಮುಕ್ಕಾಲು ಗಂಟೆಗೇ ಇಳೀತು ಅಂದ್ರೆ ಅರ್ಧ ಹೋಗಿದೆ, ಕಳೆ ಹೊಡೆಯೋಕೆ ಆಳು ಕರೆಸಿ ಅವ್ರನ್ನ ಮಧ್ಯದಲ್ಲಿ ಸುಮ್ನೆ ಕೂರ್ಸೋ ಹಾಗಾಗುತ್ತೆ, ಹೊಸದು ತಗೊಳ್ಳಿ. ಬಲ್ಬ್ ಸುಡುತ್ತೆ, ಹಚ್ಚಿದಾಗ ಕೈ ತಾಗಿಸ್ಬೇಡಿ, ಟೆಸ್ಟ್ ಮುಗಿದ ತಕ್ಷಣ ಮತ್ತೆ ಚಾರ್ಜಿಗೆ ಹಾಕಿ. ಯುಪಿಎಸ್‌ದು ಹತ್ತು ನಿಮಿಷಕ್ಕೆ ಬಂದಿದೆ ಅಂದ್ರೆ ಅದರ ಹಿಂದೆ ಬೀಳ್ಬೇಡಿ, ಅದು ಮುಗಿದಿದೆ.

ಹೊಸದು ತಗೊಳ್ಳೋವಾಗ ಅಂಗಡಿಲೇ ಮೀಟರ್ ಹಾಕ್ಸಿ ನೋಡಿ, 12.6ಕ್ಕಿಂತ ಕಮ್ಮಿ ಇದ್ರೆ ಅದು ಶೆಲ್ಫಲ್ಲಿ ತುಂಬ ದಿನ ಕೂತಿದ್ದು, ಬೇರೆ ಕೇಳಿ. ಡಬ್ಬಿ ಮೇಲೆ ಒತ್ತಿರೋ ತಯಾರಾದ ತಿಂಗಳು ನೋಡಿ. ಕೈಯಲ್ಲಿ ಎತ್ತಿ ನೋಡಿ, 7 ಎಎಚ್ ಬ್ಯಾಟರಿ ಎರಡು ಕೆಜಿ ಮೇಲೆ ತೂಗ್ಬೇಕು, ಹಗುರ ಇದ್ರೆ ಒಳಗೆ ಸೀಸ ಕಮ್ಮಿ ಅಂತ, ಸ್ಟಿಕ್ಕರಲ್ಲಿ ಏನೇ ಬರೆದಿರ್ಲಿ. ತಂದಮೇಲೆ ಸ್ಪ್ರೇಯರಿಗೆ ನಿಯಮ ಒಂದೇ, ಹೊಡೆದು ಬಂದ ದಿನ ಸಂಜೆನೇ ಚಾರ್ಜಿಗೆ ಹಾಕೋದು, ಎಷ್ಟೇ ಕಮ್ಮಿ ಬಳಸಿದ್ರೂ. ಮಳೆಗಾಲಕ್ಕೆ ಇಡೋವಾಗ ಪೂರ್ತಿ ತುಂಬ್ಸಿ, ಬ್ಯಾಟರಿಯ ಒಂದು ವೈರ್ ಕಿತ್ತಿಟ್ಟು, ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜ್ ಕೊಡಿ. ಲೆಡ್ ಆಸಿಡ್ಡಿಗೆ ಮೆಮೊರಿ ಎಫೆಕ್ಟ್ ಇಲ್ಲ, ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡ್ಬೇಕು ಅನ್ನೋದು ಹಳೇ ಮೊಬೈಲ್ ಫೋನಿನ ಮಾತು, ಇಲ್ಲಿ ಅದನ್ನ ಪಾಲಿಸಿದ್ರೆ ಬ್ಯಾಟರಿ ಬೇಗ ಹೋಗುತ್ತೆ.

ಇನ್ನು ಲಿಥಿಯಂ. ನಿಮ್ಮ ಸ್ಪ್ರೇಯರಿಗೆ ನಾನು ಹೌದು ಅಂತೀನಿ, ಆದ್ರೆ ಯಾವ ಲಿಥಿಯಂ ಅನ್ನೋದು ಕೇಳಿ. ಲಿಥಿಯಂ ಐರನ್ ಫಾಸ್ಫೇಟ್ ಅನ್ನೋದು ನಾಕು ಸೆಲ್ಲಿಂದು, 12.8 ವೋಲ್ಟ್ ಅಂತ ಬರೆದಿರುತ್ತೆ, ಅರ್ಧ ಖಾಲಿ ಇಟ್ರೂ ಹಾಳಾಗಲ್ಲ, ತೂಕ ಅರ್ಧಕ್ಕಿಂತ ಕಮ್ಮಿ, ಬೆನ್ನಿಗೆ ಹಾಕಿ ಗುಡ್ಡ ಹತ್ತೋರಿಗೆ ಅದೇ ದೊಡ್ಡ ಸಮಾಧಾನ. ಅದರದ್ದೇ ಚಾರ್ಜರ್ ಜೊತೆಗೇ ತಗೊಳ್ಳಿ. ಅಗ್ಗಕ್ಕೆ ಸಿಗೋ ಮೂರು ಸೆಲ್ಲಿನ ಲಿಥಿಯಂ ಅಯಾನ್ ಪ್ಯಾಕ್ ಬೇರೆ, ಅದು 12.6 ವೋಲ್ಟಿಗೇ ಪೂರ್ತಿ ತುಂಬಿರುತ್ತೆ, ಅದಕ್ಕೆ ನಿಮ್ಮ ಹಳೇ 14 ಚಿಲ್ಲರೆ ವೋಲ್ಟಿನ ಚಾರ್ಜರ್ ಚುಚ್ಚಿದ್ರೆ ಒಳಗಿನ ರಕ್ಷಣೆ ಸರ್ಕ್ಯೂಟ್ ಕೈಕೊಟ್ಟ ದಿನ ಬೆಂಕಿ ಹತ್ತುತ್ತೆ, ಮನೇಲಿ ಅಡಿಕೆ ಸಿಪ್ಪೆ, ದರಗು, ಸೌದೆ ಎಲ್ಲ ಒಟ್ಟಿರೋ ಜಾಗದಲ್ಲಿ ದಯವಿಟ್ಟು ಆ ಧೈರ್ಯ ಮಾಡ್ಬೇಡಿ. ರೂಟರಿಗೆ ಯುಪಿಎಸ್ಸೇ ಬೇಡ ಅಂತೀನಿ, 12 ವೋಲ್ಟ್ ನೇರ ಕೊಡೋ ಪುಟ್ಟ ರೂಟರ್ ಯುಪಿಎಸ್ ಸಿಗುತ್ತೆ, 230 ವೋಲ್ಟ್ ಮಾಡಿ ಮತ್ತೆ 12 ಮಾಡೋದ್ರಲ್ಲಿ ಹೋಗೋ ಕರೆಂಟ್ ಪೂರ್ತಿ ಉಳಿಯುತ್ತೆ. ಕಂಪ್ಯೂಟರಿಗೂ ಯುಪಿಎಸ್ ಬೇಕು ಅಂದ್ರೆ ಅದಕ್ಕೆ ಮೊದಲಿನಂಥ ಸೀಲ್ಡ್ ಬ್ಯಾಟರಿನೇ ಹಾಕಿ, ಆ ಯುಪಿಎಸ್ಸಿನ ಚಾರ್ಜರ್ ಲೆಕ್ಕ ಅದಕ್ಕೇ ಇರೋದು.

ಹಳೇ ಎರಡನ್ನೂ ಕೊಟ್ಟಿಗೆ ಹಿಂದೆ ಎಸೀಬೇಡಿ, ಒಡೆದು ಸೀಸ ತೆಗೆಯೋ ಹುಡುಗರ ಕೈಗೂ ಕೊಡ್ಬೇಡಿ. ಸೀಸ ಬಾವಿಗೆ ಹಳ್ಳಕ್ಕೆ ಇಳಿದ್ರೆ ಮಕ್ಕಳ ಮೆದುಳಿಗೇ ಏಟು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ತಗೊಂಡು ರೀಸೈಕಲ್ ಮಾಡ್ಸೋ ಹೊಣೆ ತಯಾರಕರದ್ದು. ಟರ್ಮಿನಲ್ಲಿಗೆ ಟೇಪ್ ಸುತ್ತಿ, ಹೊಸದು ತರೋಕೆ ಹೋಗೋವಾಗ ಜೊತೆಗೆ ಒಯ್ಯಿರಿ, ಬ್ಯಾಟರಿ ಅಂಗಡಿಲಿ ಹಳೇದಕ್ಕೆ ತೂಕದ ಮೇಲೆ ರೇಟ್ ಕೊಟ್ಟು ಹೊಸದರ ಬಿಲ್ಲಲ್ಲಿ ಕಳೀತಾರೆ.